ಅಪ್‌ಡೇಟ್: ಕಡಿಯುವ ನೆಟ್‌ವರ್ಕ್‌ನಲ್ಲಿ ಮನೆಯಿಂದಲೇ ಲ್ಯಾಬ್ ಕೆಲಸ

ಬೆಳಗಾವಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಸೈನ್ಸ್ ತರಗತಿಗಳು ಈ ವಾರ ಆನ್‌ಲೈನ್ ಆದದ್ದರಿಂದ, ವಿಜಯಪುರ ಜಿಲ್ಲೆಯ ನಮ್ಮೂರಿನಲ್ಲಿ ಪದೇ ಪದೇ ಕಡಿಯುವ ನೆಟ್‌ವರ್ಕ್‌ನಲ್ಲಿ ಲ್ಯಾಬ್ ಸರ್ವರ್ ಬಳಸುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ಅತಿ ಹೆಚ್ಚು ನೆರವಾದದ್ದು ಟಿಮಕ್ಸ್ (tmux), ಅಂದರೆ ಸರ್ವರ್‌ನಲ್ಲಿ ನಮ್ಮ ಕೆಲಸದ ಸೆಷನ್ ಅನ್ನು ತೆರೆದೇ ಇಡುವ ತಂತ್ರಾಂಶ. ಅದರೊಳಗೆ ಆರಂಭಿಸಿದ ಪ್ರೋಗ್ರಾಂ, ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಸಂಪರ್ಕ ಕಡಿದರೂ ಸರ್ವರ್‌ನಲ್ಲಿ ಓಡುತ್ತಲೇ ಇರುವುದರಿಂದ, ಮತ್ತೆ ಲಾಗಿನ್ ಆಗಿ ಅದೇ ಸೆಷನ್‌ಗೆ ಸೇರಿಕೊಂಡರೆ ಸಾಕು, ಕೆಲಸ ನಿಲ್ಲದೆ ಮುಂದುವರಿದಿರುವುದು ಕಾಣುತ್ತದೆ. ಇಷ್ಟು ಉಪಯುಕ್ತವಾದುದನ್ನು ಮೊದಲ ಸೆಮಿಸ್ಟರ್‌ನಲ್ಲೇ ಕಲಿಸಬೇಕೆಂದು ನನ್ನ ದೃಢ ಅಭಿಪ್ರಾಯ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದ, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶವಾದ ಗಿಟ್, ಕೋಡ್‌ನ ಇತಿಹಾಸವನ್ನು ಲ್ಯಾಪ್‌ಟಾಪ್‌ನಲ್ಲೇ ಇಡುವುದರಿಂದ, ಇಂಟರ್ನೆಟ್ ಇಲ್ಲದಾಗಲೂ ಕಮಿಟ್ ಮಾಡಿ (ಬದಲಾವಣೆಗಳನ್ನು ದಾಖಲಿಸಿ), ರಾತ್ರಿ ಪುಶ್ ಮಾಡಿದೆ (ಸರ್ವರ್‌ಗೆ ಕಳುಹಿಸಿದೆ).

ನೇರ ತರಗತಿಯಲ್ಲಿ ಪ್ರಶ್ನೆ ಕೇಳುವುದು ಮಾತ್ರ ಸಾಧ್ಯವಾಗಲಿಲ್ಲ. ಸಂದೇಹಗಳನ್ನೆಲ್ಲ ಬರೆದಿಟ್ಟುಕೊಂಡಿದ್ದು, ಸೋಮವಾರ ಕಾಲೇಜಿನಲ್ಲಿ ಗುರುಗಳನ್ನು ಕೇಳುತ್ತೇನೆ.