54 ವರ್ಷದ ಹೋಟೆಲ್ ಮುಚ್ಚುತ್ತಿದ್ದೇವೆ, ಎಲ್ಲಿಂದ ಶುರು ಮಾಡಲಿ?

ಲಾಲ್‌ಬಾಗ್ ಗಲ್ಲಾ:

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಲಾಲ್‌ಬಾಗ್‌ನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್ ಇದೆ. 1971ರಲ್ಲಿ ಅಪ್ಪ ಶುರು ಮಾಡಿದ್ದು. ಒಂಬತ್ತು ಟೇಬಲ್, ಒಂದು ಗಲ್ಲಾ, ಅಟ್ಟದ ಮೇಲೆ ಹುಡುಗರು ಮಲಗುವ ಜಾಗ, ಅಷ್ಟೇ. ಮಾರ್ಚ್ ಕೊನೆಗೆ ಮುಚ್ಚುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಅಪ್ಪನಿಗೆ 81. ನನಗೆ 56, ಸಕ್ಕರೆ ಕಾಯಿಲೆ ಬೇರೆ, ಬೆಳಿಗ್ಗೆ ಐದೂವರೆಯಿಂದ ರಾತ್ರಿವರೆಗೆ ಕೂರಲು ಆಗುತ್ತಿಲ್ಲ. ಮಕ್ಕಳು ಬೇರೆ ಕೆಲಸದಲ್ಲಿದ್ದಾರೆ. ಊರಿಂದ ಹೊಸ ಹುಡುಗರು ಬರುವುದು ನಿಂತು ಎಷ್ಟೋ ವರ್ಷ ಆಯ್ತು.

ಅಪ್ಪ ಹೋಟೆಲ್ ತೆರೆದಾಗ ಹತ್ತಿರದ ಬಟ್ಟೆ ಗಿರಣಿಯ ಮೂರೂ ಪಾಳಿಯವರು ನಮ್ಮ ಗಿರಾಕಿಗಳು. 1982ರ ಜನವರಿಯಲ್ಲಿ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತಲ್ಲ, ಆ ವರ್ಷದ ಖಾತೆ ಪುಸ್ತಕ ಇನ್ನೂ ಗಲ್ಲಾದ ಕೆಳಗಿನ ಖಾನೆಯಲ್ಲಿದೆ. ಕೆಂಪು ಬಟ್ಟೆಯ ರಟ್ಟು, ಒಳಗೆ ಅಪ್ಪನ ಕನ್ನಡ ಅಕ್ಷರದಲ್ಲಿ ಮರಾಠಿ ಹೆಸರುಗಳು, ಎದುರಿಗೆ "ಇಡ್ಲಿ 2, ಚಾ 1". ಎಷ್ಟೋ ಪುಟಗಳಲ್ಲಿ ಜಮಾ ಕಡೆ ಖಾಲಿ. ಗಿರಣಿ ಮತ್ತೆ ತೆರೆಯುತ್ತದೆ ಅಂತ ನಂಬಿ ಬರೆಸಿದವರು, ನಂಬಿ ಬರೆದುಕೊಂಡವರು. ಅಪ್ಪ ಆ ದುಡ್ಡನ್ನು ಯಾರ ಹತ್ತಿರವೂ ಕೇಳಲಿಲ್ಲ.

ಈಗ ನನ್ನ ತಲೆಬಿಸಿ ಹೇಳುತ್ತೇನೆ. ಜಾಗ ಪಗಡಿಯದ್ದು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಸಣ್ಣ ಬಾಡಿಗೆಯಲ್ಲಿ ಉಳಿಯುವ ಹಳೇ ಪದ್ಧತಿ. ಬಾಡಿಗೆ ರಸೀದಿ ಅಪ್ಪನ ಹೆಸರಲ್ಲಿ ಬರುತ್ತದೆ. "ಮುಚ್ಚಬೇಡಿ, ಕಂಡಕ್ಟ್‌ಗೆ ಕೊಡಿ, ತಿಂಗಳು ತಿಂಗಳು ದುಡ್ಡು ಕೈಗೆ ಬರುತ್ತದೆ" ಅಂತ ಇಬ್ಬರು ಬಂದು ಹೋದರು. ಕಂಡಕ್ಟ್ ಅಂದರೆ ನಮ್ಮ ಹೆಸರಲ್ಲೇ ಹೋಟೆಲನ್ನು ಬೇರೆಯವರು ನಡೆಸಿ ನಮಗೆ ತಿಂಗಳಿಗೆ ಇಂತಿಷ್ಟು ಕೊಡುವುದು. ಕೊಡುವುದು ಒಳ್ಳೆಯದಾ? ಕೆಲಸಕ್ಕೆ 11 ಜನ ಇದ್ದಾರೆ. ಅಡುಗೆ ಭಟ್ರು 1994ರಿಂದ ನಮ್ಮಲ್ಲೇ ಇರುವವರು. ಅವರಿಗೆ ಏನು ಕೊಡಬೇಕು, ಯಾವಾಗ ಹೇಳಬೇಕು? ಇದುವರೆಗೆ ಹೇಳಲು ಬಾಯಿ ಬಂದಿಲ್ಲ.

ಮುಲುಂಡ್ ಶೆಟ್ಟಿ:

ಅಣ್ಣಾ, ಕಂಡಕ್ಟ್‌ಗೆ ಮಾತ್ರ ಅವಸರ ಮಾಡಬೇಡಿ. ನಾನು 2016ರಲ್ಲಿ ಕೊಟ್ಟೆ. ಲೈಸೆನ್ಸ್, ಜಿಎಸ್‌ಟಿ, ಲೈಟ್ ಬಿಲ್ ಎಲ್ಲ ನನ್ನ ಹೆಸರಲ್ಲೇ ಉಳಿಯಿತು. ವಹಿಸಿಕೊಂಡವನು ಎರಡು ವರ್ಷ ಸರಿಯಾಗಿ ದುಡ್ಡು ಕೊಟ್ಟ, ಆಮೇಲೆ ಸತಾಯಿಸಲು ಶುರು. ಕಿರಾಣಿ ಅಂಗಡಿಯವನ ಬಾಕಿ, ಟ್ಯಾಕ್ಸ್ ನೋಟಿಸು, ಎಲ್ಲ ನನ್ನ ಮನೆ ಬಾಗಿಲಿಗೆ ಬಂತು. ಅದಕ್ಕಿಂತ ಬೇಜಾರಾದದ್ದು ಬೇರೆ. ಹಳೇ ಗಿರಾಕಿಯೊಬ್ಬರು ಸ್ಟೇಷನ್‌ನಲ್ಲಿ ಸಿಕ್ಕಿ "ಶೆಟ್ರೇ, ಸಾಂಬಾರು ಯಾಕೆ ಹೀಗಾಯ್ತು?" ಅಂತ ಕೇಳಿದರು. ಬೋರ್ಡಿನಲ್ಲಿ ನನ್ನ ಅಮ್ಮನ ಹೆಸರು ಇತ್ತು ಮಾರಾಯ್ರೆ. ಮರುವಾರವೇ ಹೋಗಿ ಬೋರ್ಡ್ ಇಳಿಸಿ ತಂದೆ.

ಸಣ್ಣಪುಟ್ಟದ್ದೂ ಮರೆಯಬೇಡಿ. 19 ಕೆಜಿ ಸಿಲಿಂಡರಿನ ಡಿಪಾಸಿಟ್ ಕಾಗದ ಈಗಲೇ ಹುಡುಕಿಡಿ, ಕಾಗದ ಇಲ್ಲದಿದ್ದರೆ ವಾಪಸ್ ಪಡೆಯಲು ತುಂಬಾ ಓಡಾಡಬೇಕಾಗುತ್ತದೆ. ಗ್ರೈಂಡರ್, ಕಾವಲಿ, ಸ್ಟೀಲ್ ಪಾತ್ರೆ ಒಟ್ಟಿಗೆ ಗುಜರಿಗೆ ಹಾಕಿದರೆ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಹೊಸದಾಗಿ ಹೋಟೆಲ್ ಹಾಕುವವರಿಗೆ ಕೊಟ್ಟರೆ ಒಳ್ಳೇ ರೇಟು ಸಿಗುತ್ತದೆ.

ಮಾಟುಂಗಾ ವಕೀಲೆ:

ಪಗಡಿ ವಿಷಯ ನಾನು ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಹೋಟೆಲ್ ಮುಚ್ಚುವುದು ಬೇರೆ, ಜಾಗದ ಹಕ್ಕು ಬಿಡುವುದು ಬೇರೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 16ನೇ ಕಲಮಿನ ಪ್ರಕಾರ, ಸರಿಯಾದ ಕಾರಣ ಇಲ್ಲದೆ ಸತತ ಆರು ತಿಂಗಳು ಜಾಗವನ್ನು ಬಳಸದಿದ್ದರೆ ಮಾಲೀಕರು ಬಿಡಿಸಿಕೊಳ್ಳಲು ಕೋರ್ಟಿಗೆ ಹೋಗಬಹುದು. ಹಾಗಾಗಿ ಶಟರ್ ಎಳೆದು ಬೀಗ ಹಾಕಿ "ಆಮೇಲೆ ನೋಡೋಣ" ಅಂತ ಊರಿಗೆ ಹೋಗಬೇಡಿ. ಕಂಡಕ್ಟ್‌ನಲ್ಲೂ ಅಪಾಯ ಇದೆ. ಮಾಲೀಕರ ಒಪ್ಪಿಗೆ ಇಲ್ಲದೆ ಕೊಟ್ಟರೆ ಅದನ್ನು ಒಳಬಾಡಿಗೆ ಅಂತ ಹೇಳಿ ಕೇಸು ಹಾಕಬಹುದು.

ಪಗಡಿ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸುವುದು ಒಳ್ಳೇ ದಾರಿ. ಅದಕ್ಕೆ ಹಣ ಪಡೆಯುವುದನ್ನು ಇದೇ ಕಾಯ್ದೆಯ 56ನೇ ಕಲಮು ಒಪ್ಪುತ್ತದೆ. ಮಾಲೀಕರಿಗೆ ಅದರಲ್ಲಿ ಪಾಲು ಕೊಡುವುದು ರೂಢಿ, ಎಷ್ಟು ಅನ್ನುವುದು ಮಾತುಕತೆಯಲ್ಲಿ ತೀರ್ಮಾನ ಆಗುತ್ತದೆ. ಕಟ್ಟಡ ಹಳೆಯದಾಗಿದ್ದು ರೀಡೆವಲಪ್‌ಮೆಂಟ್ (ಕೆಡವಿ ಹೊಸದು ಕಟ್ಟುವ) ಮಾತು ನಡೆಯುತ್ತಿದ್ದರೆ ಅದನ್ನೂ ವಿಚಾರಿಸಿಕೊಂಡೇ ಸಹಿ ಹಾಕಿ. ಅಪ್ಪ ಗಟ್ಟಿಯಾಗಿರುವಾಗಲೇ, ಅವರ ಸಹಿಯಲ್ಲೇ ಆಗಲಿ. ಆಮೇಲೆ ವಾರಸುದಾರರ ಗಲಾಟೆ ಎಷ್ಟು ಮನೆಗಳಲ್ಲಿ ನೋಡಿಲ್ಲ ನಾನು!

ಜಿಎಸ್‌ಟಿ ರದ್ದತಿಗೆ ಆನ್‌ಲೈನ್ ಅರ್ಜಿ ಹಾಕಬೇಕು. ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನುವ ಕೊನೆಯ ರಿಟರ್ನ್ ಕೊಡಬೇಕು. ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದರೆ ಈ ಜಿಎಸ್‌ಟಿಆರ್-10 ಬೇಕಿಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಲೈಸೆನ್ಸನ್ನೂ ಸುಮ್ನೆ ಬಿಡದೆ ಸರೆಂಡರ್ ಮಾಡಿ.

ಹತ್ತು ಅಥವಾ ಹೆಚ್ಚು ಜನ ಇರುವುದರಿಂದ ನಿಮಗೆ ಗ್ರಾಚ್ಯುಟಿ (ಸೇವೆಯ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕೊಡುವ ಹಣ) ಲಾಗೂ ಆಗುತ್ತದೆ. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಿ. ಭಟ್ರ ಮೂಲ ಸಂಬಳ 18,000 ಅಂತಿಟ್ಟುಕೊಂಡರೆ 31 ವರ್ಷಕ್ಕೆ ಸುಮಾರು 3,22,000 ರೂಪಾಯಿ. ಇದು ಅವರ ಹಕ್ಕು. ಮುಚ್ಚುವಾಗ ನೋಟಿಸು, ಪರಿಹಾರದ ಲೆಕ್ಕವೂ ಬೇರೆ ಬರುತ್ತದೆ, ಕಾರ್ಮಿಕ ಕಾಯ್ದೆ ಗೊತ್ತಿರುವವರಿಗೆ ಕಾಗದ ತೋರಿಸಿ.

ಡೊಂಬಿವಿಲಿ ಹಳೇ ಸಪ್ಲೈಯರ್:

ನಾನು ಗಲ್ಲಾದ ಆ ಕಡೆಯವನಲ್ಲ, ಟೇಬಲ್ ಒರೆಸುತ್ತಿದ್ದವನು. ಅದಕ್ಕೇ ಬರೆಯುತ್ತಿದ್ದೇನೆ. ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು, ಹಗಲು ಕ್ಲೀನರ್ ಆಗಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್‌ಎಸ್‌ಸಿ (ಹತ್ತನೇ ತರಗತಿ) ಮುಗಿಸಿದೆ. ನಾನಿದ್ದ ಹೋಟೆಲ್ ಮುಚ್ಚುವುದು ಮೂರು ದಿನ ಮೊದಲು ಗೊತ್ತಾಯಿತು. ಧಣಿ ಕೆಟ್ಟವರಲ್ಲ. ಹೇಳಲು ಸಂಕಟಪಟ್ಟುಕೊಂಡು ಮುಂದೂಡುತ್ತಾ ಹೋದರು, ನಿಮ್ಮ ಹಾಗೆಯೇ. ಆದರೆ ನಮಗೆ ಕೆಲಸದ ಜೊತೆ ಮಲಗುವ ಜಾಗವೂ ಹೋಯಿತು. ಟ್ರಂಕ್ ಹಿಡಿದುಕೊಂಡು ಮೂರು ರಾತ್ರಿ ಊರಿನವರ ಖೋಲಿಯ ಹೊರಗೆ ಮಲಗಿದೆ. ಮುಂದಿನ ಹೋಟೆಲಿನಲ್ಲಿ "ಎಲ್ಲಿದ್ದೆ, ಎಷ್ಟು ವರ್ಷ?" ಅಂತ ಕೇಳಿದಾಗ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಇವತ್ತೇ ಹೇಳಿ ಅಣ್ಣಾ. ಎರಡು ತಿಂಗಳು ಸಿಕ್ಕರೆ ಅವರು ಬೇರೆ ಕಡೆ ನೋಡಿಕೊಳ್ಳುತ್ತಾರೆ. ಪ್ರತಿಯೊಬ್ಬರಿಗೂ ಹೋಟೆಲಿನ ಲೆಟರ್‌ಹೆಡ್ ಮೇಲೆ ಇಂತಿಷ್ಟು ವರ್ಷ ಕೆಲಸ ಮಾಡಿದ್ದಾರೆ ಅಂತ ಬರೆದು ಸೀಲ್ ಹಾಕಿ ಕೊಡಿ. ಅಟ್ಟದ ಮೇಲೆ ಇನ್ನೊಂದು ತಿಂಗಳು ಮಲಗಲು ಬಿಟ್ಟರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಲಾಲ್‌ಬಾಗ್ ಗಲ್ಲಾ:

ಡೊಂಬಿವಿಲಿಯವರೇ, ನಿಮ್ಮದು ಓದಿ ಆ ರಾತ್ರಿಯೇ ಭಟ್ರ ಹತ್ತಿರ ಹೋದೆ. ಅವರು ನಾಳೆಯ ಹಿಟ್ಟಿಗೆ ಉಪ್ಪು ಹಾಕಿ ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಿದ್ದರು. ಹೇಳಿದೆ. ಕೈ ನಿಲ್ಲಿಸಲಿಲ್ಲ. ಪಾತ್ರೆ ಮುಚ್ಚಿ, ಕೈ ತೊಳೆದು ಬಂದು "ಮಾರ್ಚ್ ಕೊನೆ ಅಂದ್ರೆ ಉದ್ದಿನಬೇಳೆ ಮೂಟೆ ಜಾಸ್ತಿ ತರಿಸಬೇಡಿ, ಲೆಕ್ಕ ಹಾಕಿ ಹೇಳುತ್ತೇನೆ" ಅಂದರು. ಅವರಿಗೆ ಮೊದಲೇ ಗೊತ್ತಿತ್ತಂತೆ. ನಾನು ಹೇಳಲಿ ಅಂತ ಕಾಯುತ್ತಿದ್ದರಂತೆ.

ಉಳಿದವರಿಗೂ ಬೆಳಿಗ್ಗೆ ಹೇಳಿ ಆಯಿತು. ಅಟ್ಟ ಏಪ್ರಿಲ್ ಕೊನೆವರೆಗೆ ಅವರದ್ದೇ. ಕಂಡಕ್ಟ್ ಬೇಡ ಅಂತ ಇಬ್ಬರಿಗೂ ಫೋನ್ ಮಾಡಿದೆ. ಸೋಮವಾರ ಅಪ್ಪನನ್ನು ಕರೆದುಕೊಂಡು ಜಾಗದ ಮಾಲೀಕರ ಹತ್ತಿರ ಹೋಗುತ್ತೇನೆ. ವಕೀಲ ಅಕ್ಕಾ, ಹಳೇ ರಸೀದಿಗಳು 1971ರಿಂದ ಇವೆ, ಮಧ್ಯದ ನಾಲ್ಕೈದು ವರ್ಷದ್ದು ಗೆದ್ದಲು ತಿಂದಿದೆ. ಅದರಿಂದ ತೊಂದರೆ ಆಗುತ್ತದಾ?