ಗಂಡು ಬೆಕ್ಕಿನ ಮೂತ್ರಕೋಶದಲ್ಲಿ 4 ಮಿ.ಮೀ. ಕಲ್ಲು: ಊಟದಿಂದಲೇ ಕರಗುತ್ತದೆಯೇ? ಅನುಭವಸ್ಥರು ತಿಳಿಸಿ

ಪ್ರಶ್ನೆ, ಕುಂದಾಪುರದಿಂದ

ನಮ್ಮ ಕೆಂಚನಿಗೆ ನಾಲ್ಕು ವರ್ಷ, 5.2 ಕೆಜಿ, ನ್ಯೂಟರ್ ಆಗಿದೆ. ಊಟ ಡ್ರೈ ಫುಡ್, ಮೇಲಿಂದ ದಿನಾ ಒಂದಿಷ್ಟು ಒಣಮೀನು. ಪದೇ ಪದೇ ಟ್ರೇಗೆ ಹೋಗಿ ಹನಿಹನಿಯಾಗಿ ಕೆಂಪು ಉಚ್ಚೆ ಮಾಡುತ್ತಿದ್ದಾನೆ. ಮೂತ್ರದ ವರದಿಯಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.5, ಸ್ಪೆಸಿಫಿಕ್ ಗ್ರಾವಿಟಿ (ಮೂತ್ರ ಎಷ್ಟು ಗಟ್ಟಿ ಎಂಬ ಅಳತೆ) 1.055, ಸ್ಟ್ರುವೈಟ್ ಹರಳು ತುಂಬಾ ಎಂದಿದೆ. ಎಕ್ಸ್‌ರೇಯಲ್ಲಿ ಒಂದೇ ಕಲ್ಲು, 4 ಮಿ.ಮೀ. ಡಾಕ್ಟರು ಸದ್ಯಕ್ಕೆ ಆಪರೇಷನ್ ಬೇಡ, ಯೂರಿನರಿ ಡಯಟ್ (ಮೂತ್ರದ ತೊಂದರೆಗೆಂದೇ ಮಾಡಿದ ಊಟ) ಕೊಡಿ ಎಂದಿದ್ದಾರೆ. ನಿಜಕ್ಕೂ ಕರಗುತ್ತದೆಯೇ? ಎಷ್ಟು ದಿನ? ಬಾರ್ಲಿ ನೀರು, ಬಾಳೆದಿಂಡಿನ ರಸ ಕೊಡಬಹುದೇ? ಮನೆಯಲ್ಲಿ ಇನ್ನೊಂದು ಹೆಣ್ಣು ಬೆಕ್ಕೂ ಇದೆ, ಊಟ ಬೇರೆ ಮಾಡುವುದು ಹೇಗೆ? ಬಾವಿ ನೀರು ಬಿಟ್ಟು ಫಿಲ್ಟರ್ ನೀರು ಕೊಡಬೇಕೇ?

ಪಶುವೈದ್ಯೆ, ಶಿವಮೊಗ್ಗ

ಕರಗುವ ವಿಷಯ ಆಮೇಲೆ. ಗಂಡು ಬೆಕ್ಕಾದ್ದರಿಂದ ಮೊದಲು ನೋಡಬೇಕಾದ್ದು ಉಚ್ಚೆ ಹೊರಗೆ ಬರುತ್ತಿದೆಯೇ ಎಂಬುದನ್ನು. ಗಂಡಿನ ಮೂತ್ರನಾಳ ತುದಿಯಲ್ಲಿ ತೀರಾ ಕಿರಿದು, ನಾವು ಹಾಕುವ 3.5 ಫ್ರೆಂಚ್ ಅಳತೆಯ ಕ್ಯಾತಿಟರ್‌ನ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ದಪ್ಪವೇ ಒಂದು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು, ಅದನ್ನೇ ಕಷ್ಟಪಟ್ಟು ಹಾಕಬೇಕು. ಕಲ್ಲೇ ಆಗಬೇಕೆಂದಿಲ್ಲ, ಹರಳು ಮತ್ತು ಲೋಳೆ ಸೇರಿದ ಬೆಣೆಯೊಂದು ಸಾಕು, ಪೂರ್ತಿ ಕಟ್ಟಿಕೊಳ್ಳುತ್ತದೆ. ಕಟ್ಟಿದ ಮೇಲೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯದ ಬಡಿತ ನಿಧಾನವಾಗುತ್ತದೆ. ಒಂದೆರಡು ದಿನದೊಳಗೆ ಬೆಕ್ಕು ಸಾಯಬಹುದು.

ಲಕ್ಷಣಗಳು ಹೀಗಿರುತ್ತವೆ: ಟ್ರೇಯಲ್ಲಿ ಕೂತು ಮುಕ್ಕಿರಿಯುತ್ತದೆ, ಏನೂ ಬರುವುದಿಲ್ಲ, ಕೂಗುತ್ತದೆ, ಜನನಾಂಗ ನೆಕ್ಕುತ್ತಲೇ ಇರುತ್ತದೆ, ಆಮೇಲೆ ವಾಂತಿ, ಮಂಕು. ಎಷ್ಟೋ ಮಂದಿ ಇದನ್ನು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸಿ ಅರ್ಧ ದಿನ ಕಳೆಯುತ್ತಾರೆ. ಹೊಟ್ಟೆಯ ಹಿಂಭಾಗದಲ್ಲಿ ಮೂತ್ರಕೋಶ ದೊಡ್ಡ ನಿಂಬೆಹಣ್ಣಿನ ಹಾಗೆ ಗಟ್ಟಿಯಾಗಿ ಕೈಗೆ ಸಿಕ್ಕರೆ ಒತ್ತಿ ನೋಡಬೇಡಿ, ಒಡೆಯಬಹುದು. ರಾತ್ರಿಯಾದರೂ ಸರಿ, ಹೊರಡಿ. ಎಂಟು ಹತ್ತು ಗಂಟೆ ಒಂದು ಹನಿಯೂ ಬಾರದೆ ಮುಕ್ಕಿರಿಯುತ್ತಿದ್ದರೆ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ.

ನಿಮ್ಮ ಬೆಕ್ಕಿಗೆ ಹನಿ ಬರುತ್ತಿದೆ, ಅಷ್ಟರ ಮಟ್ಟಿಗೆ ಸಮಾಧಾನ. ಆದರೂ ದಿನಾ ಲಿಟರ್ (ಟ್ರೇಯಲ್ಲಿ ಹಾಕುವ ಮರಳಿನಂಥ ಪುಡಿ) ಉಚ್ಚೆಗೆ ನೆನೆದು ಕಟ್ಟಿದ ಉಂಡೆ ಎಣಿಸಿ. ಸಾಮಾನ್ಯವಾಗಿ ಆರೋಗ್ಯದ ಬೆಕ್ಕಿಗೆ ಎರಡರಿಂದ ನಾಲ್ಕು ದೊಡ್ಡ ಉಂಡೆ. ಹತ್ತು ಹದಿನೈದು ಚಿಕ್ಕ ಉಂಡೆ ಸಿಕ್ಕರೆ ಉರಿ ಇನ್ನೂ ಇದೆ. ಉಂಡೆಯೇ ಇಲ್ಲದಿದ್ದರೆ ಕಟ್ಟಿದೆ.

ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ, ಕಾಲು ಮಾತ್ರೆಯೂ ವಿಷ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ. ನೋವಿನ ಔಷಧಿ ಬೇಕೇ ಬೇಕು, ಆದರೆ ಅದನ್ನು ಡಾಕ್ಟರೇ ಬರೆಯಬೇಕು.

ಈಗ ಕಲ್ಲು. ಬೆಕ್ಕಿನಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ. ಸ್ಟ್ರುವೈಟ್ ಎಂದರೆ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿದ್ದು, ಇದು ಊಟದಿಂದ ಕರಗುತ್ತದೆ. ಇನ್ನೊಂದು ಕ್ಯಾಲ್ಸಿಯಂ ಆಕ್ಸಲೇಟ್. ಅದು ಯಾವ ಊಟಕ್ಕೂ, ಯಾವ ಮಾತ್ರೆಗೂ ಕರಗುವುದಿಲ್ಲ. ತೊಂದರೆ ಕೊಡುತ್ತಿದ್ದರೆ ತೆಗೆಯಬೇಕು, ಅಷ್ಟೆ. ನಾಯಿಗೆ ಸ್ಟ್ರುವೈಟ್ ಬರುವುದು ಬಹುಪಾಲು ಸೋಂಕಿನಿಂದ, ಬೆಕ್ಕಿಗೆ ಹಾಗಲ್ಲ, ಸೋಂಕಿಲ್ಲದೆಯೇ ಆಗುತ್ತದೆ. ಹಾಗಾಗಿ ಕಲ್ಚರ್‌ನಲ್ಲಿ (ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಏನೂ ಬೆಳೆಯದ ಬೆಕ್ಕಿಗೆ ವಾರಗಟ್ಟಲೆ ಆಂಟಿಬಯಾಟಿಕ್ ಕೊಡುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಪಶುವೈದ್ಯಕೀಯ ಇಂಟರ್ನಲ್ ಮೆಡಿಸಿನ್ ತಜ್ಞರ ಸಂಘ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸ್ಟ್ರುವೈಟ್ ಎಂದು ಅನುಮಾನವಿದ್ದರೆ ಕತ್ತರಿಗಿಂತ ಮೊದಲು ಊಟದಿಂದ ಕರಗಿಸಿ ನೋಡಿ ಎನ್ನುತ್ತದೆ. ನಿಮ್ಮ ಡಾಕ್ಟರು ಹೇಳಿದ್ದು ಸರಿ.

ದಿನದ ಲೆಕ್ಕ: ಸೋಂಕಿಲ್ಲದ ಸ್ಟ್ರುವೈಟ್ ಸಾಮಾನ್ಯವಾಗಿ ಎರಡರಿಂದ ಐದು ವಾರದಲ್ಲಿ ಕರಗುತ್ತದೆ. ಮೂರು ನಾಲ್ಕು ವಾರಕ್ಕೆ ಎಕ್ಸ್‌ರೇ ತೆಗೆಸಿ. 4 ಮಿ.ಮೀ. ಇದ್ದದ್ದು ಹಾಗೇ ಇದ್ದರೆ ಎರಡೇ ಕಾರಣ: ಒಂದೋ ಅದು ಸ್ಟ್ರುವೈಟ್ ಅಲ್ಲ, ಇಲ್ಲವೋ ಬೆಕ್ಕಿನ ಹೊಟ್ಟೆಗೆ ಬೇರೇನೋ ಹೋಗುತ್ತಿದೆ. ನನ್ನ ಅಂದಾಜಿನಲ್ಲಿ ಎರಡನೆಯದೇ ಜಾಸ್ತಿ. ಎಕ್ಸ್‌ರೇಯಲ್ಲಿ ಕಲ್ಲು ಮಾಯವಾದ ಮೇಲೂ ಎರಡರಿಂದ ನಾಲ್ಕು ವಾರ ಅದೇ ಊಟ ಮುಂದುವರಿಸಿ. ಕಣ್ಣಿಗೆ ಕಾಣದ ಚೂರು ಉಳಿದಿದ್ದರೆ ಅದರ ಮೇಲೆಯೇ ಮತ್ತೆ ಕಟ್ಟಲು ಶುರುವಾಗುತ್ತದೆ. ಎಕ್ಸ್‌ರೇ ತೆಗೆಯುವಾಗ ಹಿಂಗಾಲನ್ನು ಮುಂದಕ್ಕೆಳೆದು ಮೂತ್ರನಾಳ ಪೂರ್ತಿ ಕಾಣುವಂತೆ ಒಂದು ಫಿಲ್ಮ್ ಬೇಕು ಎಂದು ಕೇಳಿ. ಬರೀ ಹೊಟ್ಟೆಯದ್ದು ತೆಗೆದರೆ ನಾಳದಲ್ಲಿ ಸಿಕ್ಕಿಕೊಂಡದ್ದು ತಪ್ಪಿಹೋಗುತ್ತದೆ.

ಲ್ಯಾಬ್ ಟೆಕ್ನಿಷಿಯನ್, ಹುಬ್ಬಳ್ಳಿ

ವರದಿಯಲ್ಲಿ ‘ಹರಳು ತುಂಬಾ’ ಅಂದರೆ ಮೊದಲು ಕೇಳಬೇಕಾದ್ದು, ಸ್ಯಾಂಪಲ್ ತೆಗೆದ ಎಷ್ಟು ಹೊತ್ತಿಗೆ ನೋಡಿದರು ಅಂತ. ಮೂತ್ರ ತಣ್ಣಗಾದಂತೆ, ಫ್ರಿಜ್‌ನಲ್ಲಿಟ್ಟರಂತೂ ಇನ್ನೂ ಜಾಸ್ತಿ, ಡಬ್ಬಿಯಲ್ಲೇ ಹೊಸ ಹರಳು ಹುಟ್ಟುತ್ತವೆ. ಬೆಕ್ಕಿನ ಹೊಟ್ಟೆಯಲ್ಲಿ ಇಲ್ಲದ ರೋಗ ಕಾಗದದಲ್ಲಿ ಬರುತ್ತದೆ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಮೈಕ್ರೊಸ್ಕೋಪಿನಡಿ ಇಟ್ಟದ್ದನ್ನು ನಂಬಿ. ಕಲ್ಚರ್ ಬೇಕಿದ್ದರೆ ಟ್ರೇಯಿಂದ ತಂದ ಸ್ಯಾಂಪಲ್ ಪ್ರಯೋಜನವಿಲ್ಲ, ಡಾಕ್ಟರು ಸೂಜಿಯಿಂದ ನೇರ ಮೂತ್ರಕೋಶದಿಂದಲೇ ತೆಗೆಯಬೇಕು.

ಮನೆಯಲ್ಲಿ ಹಿಡಿಯುವ ವಿಧಾನ: ಟ್ರೇಯನ್ನು ಸೋಪಿನಲ್ಲಿ ತೊಳೆದು, ಸೋಪಿನ ಅಂಶ ಉಳಿಯದಂತೆ ಜಾಲಿಸಿ ಒಣಗಿಸಿ. ಲಿಟರ್ ಬದಲು ಅಕ್ವೇರಿಯಂನ ಸಣ್ಣ ಕಲ್ಲು, ಚೆನ್ನಾಗಿ ತೊಳೆದದ್ದು, ಒಂದು ಪದರ ಹರಡಿ. ಬೆಕ್ಕು ಹೋದ ಕೂಡಲೇ ಟ್ರೇ ಓರೆ ಮಾಡಿ, ಸೂಜಿ ತೆಗೆದ 5 ಮಿ.ಲೀ. ಸಿರಿಂಜಿನಿಂದ ಎಳೆದುಕೊಳ್ಳಿ. 2–3 ಮಿ.ಲೀ. ಸಿಕ್ಕರೂ ಸಾಕು.

ಪಿಎಚ್ ಪಟ್ಟಿ ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ದಿನಾ ಒಂದೇ ಹೊತ್ತಿಗೆ ನೋಡಿ. ಊಟವಾದ ಮೇಲೆ ಕೆಲವು ಗಂಟೆ ಪಿಎಚ್ ತಾನಾಗಿಯೇ ಏರುತ್ತದೆ, ಸ್ಯಾಂಪಲ್ ಹಾಗೇ ಇಟ್ಟರೂ ಏರುತ್ತದೆ. ಮನುಷ್ಯರ ಹತ್ತು ಚೌಕದ ಪಟ್ಟಿಯಲ್ಲಿ ಸ್ಪೆಸಿಫಿಕ್ ಗ್ರಾವಿಟಿ ಮತ್ತು ಬಿಳಿರಕ್ತಕಣದ ಚೌಕ ಬೆಕ್ಕಿಗೆ ಲೆಕ್ಕಕ್ಕಿಲ್ಲ. ಗ್ರಾವಿಟಿಗೆ ರಿಫ್ರಾಕ್ಟೋಮೀಟರ್ ಎಂಬ ಉಪಕರಣವೇ ಆಗಬೇಕು.

ಇನ್ನೊಂದು. ಹರಳು ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲ. ಏನೂ ತೊಂದರೆ ಇಲ್ಲದ ಬೆಕ್ಕಿನ ಮೂತ್ರದಲ್ಲೂ ಸ್ಟ್ರುವೈಟ್ ಕಾಣುತ್ತದೆ. ಹರಳು ಸ್ಟ್ರುವೈಟ್, ಒಳಗಿರುವ ಕಲ್ಲು ಆಕ್ಸಲೇಟ್, ಹೀಗೂ ಇರುತ್ತದೆ. ನಿಮ್ಮಲ್ಲಿ ಪಿಎಚ್ 7.5, ಹರಳು, ಪ್ರಾಯ ಮೂರೂ ಸ್ಟ್ರುವೈಟ್ ಕಡೆಗೇ ಕೈತೋರಿಸುತ್ತವೆ, ಆದರೆ ಖಾತ್ರಿ ಆಗುವುದು ಕರಗಿದಾಗ, ಇಲ್ಲವೇ ಕಲ್ಲು ಕೈಗೆ ಬಂದಾಗ. ಟ್ರೇಯಲ್ಲಿ ಕಲ್ಲು ಬಿದ್ದರೆ, ಆಪರೇಷನ್ನಿನಲ್ಲಿ ಸಿಕ್ಕರೆ, ಎಸೆಯಬೇಡಿ. ಒಣ ಡಬ್ಬಿಯಲ್ಲಿ ಹಾಕಿ ಇನ್‌ಫ್ರಾರೆಡ್ ವಿಧಾನದ ವಿಶ್ಲೇಷಣೆಗೆ ಕಳಿಸಿ. ಫಾರ್ಮಲಿನ್‌ನಲ್ಲಿ ಹಾಕಬೇಡಿ, ಫಲಿತಾಂಶ ಕೆಡಬಹುದು.

ಎರಡು ಮೂರು ಬೆಕ್ಕಿರುವ ಮನೆ, ಮಂಗಳೂರು

ಒಣಮೀನು ಇವತ್ತೇ ನಿಲ್ಲಿಸಿ. ಫಾಸ್ಫರಸ್, ಮೆಗ್ನೀಸಿಯಂ, ಉಪ್ಪು ಎಲ್ಲ ಅದರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕರಗಿಸುವ ಊಟ ಎಂದರೆ ಅದೊಂದೇ ಊಟ. ಬೆಳಿಗ್ಗೆ ಸಂಜೆ ಯೂರಿನರಿ ಡಯಟ್ ಕೊಟ್ಟು ಮಧ್ಯಾಹ್ನ ಬಂಗುಡೆ ತಲೆ ಹಾಕಿದರೆ ದುಡ್ಡು ದಂಡ. ಪಕ್ಕದ ಮನೆಯವರಿಗೂ ಹೇಳಿಡಿ, ನಮ್ಮ ಕಡೆ ಮೀನು ಕೊಯ್ಯುವಲ್ಲಿ ಬೆಕ್ಕು ಹಾಜರಾಗದೆ ಇರುವುದಿಲ್ಲ. ಕರಗುವವರೆಗೆ ಹೊರಗೆ ಬಿಡದಿದ್ದರೇ ಒಳ್ಳೆಯದು.

ರಾಯಲ್ ಕ್ಯಾನಿನ್ ಯೂರಿನರಿ ಎಸ್/ಒ, ಹಿಲ್ಸ್ ಸಿ/ಡಿ, ಫಾರ್ಮಿನಾ ವೆಟ್ ಲೈಫ್ ಸ್ಟ್ರುವೈಟ್, ಇವುಗಳಲ್ಲಿ ಡಾಕ್ಟರು ಹೇಳಿದ್ದನ್ನು ತನ್ನಿ. ಅಂಗಡಿಯಲ್ಲಿ ಸಿಗುವ ‘ಯೂರಿನರಿ ಕೇರ್’ ಎಂದು ಬರೆದ ಸಾಮಾನ್ಯ ಪ್ಯಾಕೆಟ್ ಬೇರೆ, ಅದು ಕಲ್ಲು ಕರಗಿಸಲು ಮಾಡಿದ್ದಲ್ಲ. ಒಮ್ಮೆಲೇ ಬದಲಿಸಬೇಡಿ: ಎರಡು ದಿನ ಕಾಲು ಭಾಗ, ಎರಡು ದಿನ ಅರ್ಧ, ಎರಡು ದಿನ ಮುಕ್ಕಾಲು, ಆಮೇಲೆ ಪೂರ್ತಿ. ತಿನ್ನದಿದ್ದರೆ ‘ಹಸಿವಾದರೆ ತಿನ್ನುತ್ತದೆ’ ಎಂದು ಬಿಡಬೇಡಿ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಉಪವಾಸವಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಹೊಸ ರೋಗ ತಂದುಕೊಳ್ಳುತ್ತದೆ. ನೀರಿನಂಶದ ಊಟದ ಪೌಚನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಇಟ್ಟು ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಹೆಚ್ಚಿನವು ತಿನ್ನುತ್ತವೆ.

ಇಬ್ಬರ ಊಟ ಬೇರೆ ಮಾಡುವುದಕ್ಕೆ ಯಂತ್ರ ಬೇಡ. ಯಾವಾಗಲೂ ಬಟ್ಟಲು ತುಂಬಿಡುವ ಅಭ್ಯಾಸ ಬಿಡಿ. ದಿನಕ್ಕೆ ಮೂರು ಹೊತ್ತು, ಎರಡು ಕೋಣೆ, ಬಾಗಿಲು ಹಾಕಿ, 20 ನಿಮಿಷವಾದ ಮೇಲೆ ಉಳಿದದ್ದು ತೆಗೆದುಬಿಡಿ. ಹೆಣ್ಣು ಬೆಕ್ಕು ಆರೋಗ್ಯವಾಗಿರುವ ದೊಡ್ಡ ಬೆಕ್ಕಾದರೆ ಇಬ್ಬರಿಗೂ ಅದೇ ಊಟ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ, ಎಷ್ಟೋ ಸಲ ಆಗುತ್ತದೆ ಎನ್ನುತ್ತಾರೆ, ಜಗಳವೇ ಮುಗಿಯಿತು. ಮರಿ, ಗರ್ಭಿಣಿ, ಕಿಡ್ನಿ ತೊಂದರೆಯ ಬೆಕ್ಕು ಇವುಗಳಿಗೆ ಮಾತ್ರ ಬೇಡ.

ಸಾಕುಪ್ರಾಣಿ ಆಹಾರ ತಿಳಿದವರು, ಮೈಸೂರು

ನಿಮ್ಮ ವರದಿಯಲ್ಲಿ ಎಲ್ಲರ ಕಣ್ಣು ಪಿಎಚ್ ಮೇಲೆ ಬೀಳುತ್ತದೆ. ನನ್ನ ಪ್ರಕಾರ ಮುಖ್ಯ ಸಂಖ್ಯೆ ಸ್ಪೆಸಿಫಿಕ್ ಗ್ರಾವಿಟಿಯ 1.055. ಅಷ್ಟು ಗಟ್ಟಿ ಮೂತ್ರದಲ್ಲಿ ಯಾವ ಕಲ್ಲಾದರೂ ಕಟ್ಟುತ್ತದೆ. ಇದನ್ನು 1.030ರ ಆಸುಪಾಸಿಗೆ ಇಳಿಸುವುದೇ ಗುರಿ.

ಲೆಕ್ಕ ನೋಡಿ. ಬೆಕ್ಕಿಗೆ ಊಟ, ಕುಡಿಯುವುದು ಎರಡೂ ಸೇರಿ ಕೆಜಿಗೆ ದಿನಕ್ಕೆ ಸುಮಾರು 50 ಮಿ.ಲೀ. ನೀರು ಬೇಕು, 5.2 ಕೆಜಿಗೆ 260. ಡ್ರೈ ಫುಡ್‌ನಲ್ಲಿ ನೀರಿನಂಶ ನೂರಕ್ಕೆ ಎಂಟು ಹತ್ತು, ಅಂದರೆ 60 ಗ್ರಾಂ ತಿಂದರೆ ಐದಾರು ಮಿ.ಲೀ. ಉಳಿದದ್ದೆಲ್ಲ ಕುಡಿದೇ ತುಂಬಿಸಬೇಕು, ಬೆಕ್ಕು ಅಷ್ಟು ಕುಡಿಯುವುದಿಲ್ಲ. 85 ಗ್ರಾಂ ಪೌಚ್‌ನಲ್ಲಿ ಸುಮಾರು 68 ಮಿ.ಲೀ. ನೀರೇ ಇದೆ, ಮೂರು ಪೌಚ್‌ಗೆ 200 ದಾಟಿತು. ಖರ್ಚು ಹೆಚ್ಚಾಯಿತು ಅನ್ನಿಸಿದರೆ ಎರಡು ಪೌಚ್, ಜೊತೆಗೆ ಅದೇ ಕಂಪನಿಯ 20 ಗ್ರಾಂ ಡ್ರೈ ಫುಡ್ಡನ್ನು 60 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಿ, ಅಲ್ಲಿಗೂ 200 ಆಗುತ್ತದೆ. ಪೌಚ್ ಸಿಗದ ಊರಿನವರು ಪೂರ್ತಿ ಡ್ರೈ ಫುಡ್ಡನ್ನೇ ನೆನೆಸಬಹುದು, ಒಂದು ಪಾಲು ಕಾಳಿಗೆ ತೂಕದಲ್ಲಿ ಮೂರು ಪಾಲು ನೀರಿನವರೆಗೆ ನಿಧಾನವಾಗಿ ಏರಿಸಿ. 1.5 ಕೆಜಿ ಚೀಲ ದಿನಕ್ಕೆ 55 ಗ್ರಾಂನಂತೆ 27 ದಿನ ಬರುತ್ತದೆ. ನೆನೆಸಿದ್ದು ಕರಾವಳಿಯ ಸೆಕೆಯಲ್ಲಿ ಒಂದು ಗಂಟೆ ಮೀರಿದರೆ ಚೆಲ್ಲಿ.

ಡ್ರೈ ರೂಪದ ಯೂರಿನರಿ ಡಯಟ್‌ನಿಂದ ಕರಗುವುದಿಲ್ಲ ಎಂದಲ್ಲ, ಕರಗುತ್ತದೆ. ಮತ್ತೆ ಬಾರದಂತೆ ತಡೆಯುವುದರಲ್ಲಿ ನೀರಿರುವ ಊಟ ಮುಂದು.

ನೀರಿನ ಬಟ್ಟಲು ಅಗಲವಾಗಿರಲಿ, ಟ್ರೇಯಿಂದಲೂ ಊಟದ ತಟ್ಟೆಯಿಂದಲೂ ದೂರ ಎರಡು ಮೂರು ಕಡೆ ಇಡಿ. ಬಾವಿ ನೀರು, ಬೋರ್ ನೀರು ಗಡಸು ಎಂಬ ಕಾರಣಕ್ಕೆ ಕಲ್ಲಾಯಿತು ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಯಾವುದನ್ನು ಹೆಚ್ಚು ಕುಡಿಯುತ್ತದೋ ಅದನ್ನು ಕೊಡಿ. ಸಪ್ಪೆ ಕೋಳಿ ಬೇಯಿಸಿದ ನೀರನ್ನು ಆಸೆಗೆ ಬೆರೆಸುವುದು ಕರಗಿಸುವ ಹಂತ ಮುಗಿದ ಮೇಲೆ, ಅದಕ್ಕೂ ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು, ಅವು ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ.

ಇನ್ನೊಬ್ಬರು, ದಾವಣಗೆರೆ

ನಮ್ಮ ಕಡೆ ಬಾರ್ಲಿ ನೀರು, ಎಳನೀರು ಕೊಟ್ಟರೆ ಇಳಿಯುತ್ತದೆ ಅಂತಾರೆ. ಮನುಷ್ಯರ ಮೂತ್ರದ ಕಲ್ಲಿಗೆ ಕೊಡುವ ಸಿಸ್ಟೋನ್ ಸಿರಪ್ ಕೂಡ. ಪ್ರಯತ್ನಿಸಬಹುದಲ್ಲ?

ಪಶುವೈದ್ಯೆ, ಶಿವಮೊಗ್ಗ

ಬಾರ್ಲಿ ನೀರಿನಿಂದ ಆಗುವ ಲಾಭವೇನಿದ್ದರೂ ಅದರಲ್ಲಿರುವ ನೀರಿನದು. ಸಿರಿಂಜಿನಲ್ಲಿ ಬಲವಂತವಾಗಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಬೆಕ್ಕು ಗಾಬರಿಬೀಳುತ್ತದೆ. ಎಳನೀರು ಬೇಡವೇ ಬೇಡ: ಅದರಲ್ಲಿ ಪೊಟ್ಯಾಶಿಯಂ ಹೇರಳ, ಮೂತ್ರ ಕಟ್ಟಿದ ಬೆಕ್ಕನ್ನು ಕೊಲ್ಲುವುದೂ ಅದೇ. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಸಿಸ್ಟೋನ್ ಇವು ಬೆಕ್ಕಿನ ಸ್ಟ್ರುವೈಟ್ ಕರಗಿಸಿದ್ದಕ್ಕೆ ಆಧಾರವಿಲ್ಲ. ಅವನ್ನು ನಂಬಿ ಡಯಟ್ ಬಿಟ್ಟವರ ಬೆಕ್ಕುಗಳೇ ಕಟ್ಟಿಕೊಂಡು ಬರುವುದು.

ಆಮ್ಲೀಯ ಮಾಡುವ ಪುಡಿ, ವಿಟಮಿನ್ ಸಿ ಮಾತ್ರೆಯನ್ನು ಡಯಟ್ ಜೊತೆ ಸೇರಿಸಬೇಡಿ. ಡಯಟ್ಟೇ ಪಿಎಚ್ಚನ್ನು 6ರಿಂದ 6.5ರ ನಡುವೆ ತರುತ್ತದೆ. ಅದರ ಮೇಲೆ ಇನ್ನೂ ತಳ್ಳಿದರೆ ರಕ್ತವೇ ಆಮ್ಲೀಯವಾಗಿ, ಮೂಳೆಯ ಕ್ಯಾಲ್ಸಿಯಂ ಮೂತ್ರಕ್ಕಿಳಿದು ಆಕ್ಸಲೇಟ್ ಕಟ್ಟುವ ದಾರಿ ತೆರೆಯುತ್ತದೆ. ವಿಟಮಿನ್ ಸಿ ದೇಹದಲ್ಲಿ ಸ್ವಲ್ಪ ಮಟ್ಟಿಗೆ ಆಕ್ಸಲೇಟೇ ಆಗುತ್ತದೆ.

ಕಲ್ಲು ಚಿಕ್ಕದಾಗುತ್ತಾ ನಾಳಕ್ಕೆ ಇಳಿದು ಸಿಕ್ಕಿಕೊಳ್ಳಬಹುದು. ಹೆಚ್ಚಾಗಿ ಹಾಗಾಗುವುದಿಲ್ಲ, ಆದರೂ ಗಂಡಿನಲ್ಲಿ ಈ ವಾರಗಳಲ್ಲಿ ಲಿಟರ್ ಎಣಿಕೆ ಬಿಡಬೇಡಿ. ಕಟ್ಟಿದರೆ ಮೊದಲು ಡ್ರಿಪ್, ಪೊಟ್ಯಾಶಿಯಂ ಹೆಚ್ಚಿದ್ದರೆ ಕ್ಯಾಲ್ಸಿಯಂ ಗ್ಲುಕೋನೇಟ್, ಆಮೇಲೆ ಮಂಪರಿನ ಔಷಧಿ ಕೊಟ್ಟು ಸಲೈನ್ ಒತ್ತಡದಿಂದ ಬೆಣೆಯನ್ನು ಹಿಂದಕ್ಕೆ ತಳ್ಳಿ ಕ್ಯಾತಿಟರ್ ಹಾಕುತ್ತಾರೆ. ಒಂದರಿಂದ ಮೂರು ದಿನ ಅದು ಒಳಗಿರುತ್ತದೆ. ಬಿಡಿಸಿದ ಮೇಲೆ ಕಿಡ್ನಿ ವಿಪರೀತ ಮೂತ್ರ ಹೊರಹಾಕುತ್ತದೆ, ಡ್ರಿಪ್ ಅದಕ್ಕೆ ಸಮನಾಗಿ ಓಡಬೇಕು. ಹಾಗಾಗಿ ‘ಪೈಪ್ ಹಾಕಿ ಸಂಜೆ ಮನೆಗೆ ಕಳಿಸಿ’ ಎಂದು ಒತ್ತಾಯಿಸಬೇಡಿ. ರಾತ್ರಿ ಯಾರು ತೆರೆದಿರುತ್ತಾರೆ ಎಂಬುದನ್ನು ಈಗಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಒಣಮೀನು ನಿಲ್ಲಿಸಿದೆವು. ಕರಗಿದ ಮೇಲೆ ಹಳೆಯ ಊಟಕ್ಕೆ ಮರಳಬಹುದೇ? ಟ್ರೇ ಒಂದೇ ಇದೆ, ಸಾಕೇ?

ಎರಡು ಮೂರು ಬೆಕ್ಕಿರುವ ಮನೆ, ಮಂಗಳೂರು

ಎರಡು ಬೆಕ್ಕಿಗೆ ಮೂರು ಟ್ರೇ, ಮೂರೂ ಒಂದೇ ಮೂಲೆಯಲ್ಲಲ್ಲ. ಒಂದು ಬೆಕ್ಕು ದಾರಿಯಲ್ಲಿ ಕೂತು ಇನ್ನೊಂದನ್ನು ಹೆದರಿಸಿದರೆ ಅದು ಉಚ್ಚೆ ಹಿಡಿದಿಟ್ಟುಕೊಳ್ಳುತ್ತದೆ. ದಿನಕ್ಕೆರಡು ಸಲ ಟ್ರೇಯಿಂದ ಉಂಡೆ ಬಳಿದು ತೆಗೆಯಿರಿ, ಎಣಿಕೆಯೂ ಆಗುತ್ತದೆ. ಯಾವ ಉಂಡೆ ಯಾರದು ಎಂದು ಗೊತ್ತಾಗದಿದ್ದರೆ ಕೆಂಚನನ್ನು ರಾತ್ರಿ ಒಂದು ಟ್ರೇ ಜೊತೆ ಬೇರೆ ಕೋಣೆಯಲ್ಲಿಡಿ.

ಪಶುವೈದ್ಯೆ, ಶಿವಮೊಗ್ಗ

ಹಳೆಯ ಊಟಕ್ಕೆ ಮರಳಬೇಡಿ, ಬಹಳಷ್ಟು ಬೆಕ್ಕುಗಳಲ್ಲಿ ಕಲ್ಲು ಮತ್ತೆ ಬರುತ್ತದೆ. ದೀರ್ಘಕಾಲ ಕೊಡಬಹುದಾದ ಯೂರಿನರಿ ಡಯಟ್ ಇವೆ, ಉದಾಹರಣೆಗೆ ಸಿ/ಡಿ. ಅದೇ ಕಂಪನಿಯ ಎಸ್/ಡಿ ಕರಗಿಸುವುದಕ್ಕೆಂದೇ ಮಾಡಿದ್ದು, ಅದು ವರ್ಷಗಟ್ಟಲೆ ಕೊಡುವ ಊಟವಲ್ಲ. ತೂಕ ಇಳಿಸಬೇಕಿದ್ದರೆ ಡಾಕ್ಟರು ಹೇಳಿದ ಗ್ರಾಂ ಲೆಕ್ಕದಲ್ಲೇ ಅಳೆದು ಹಾಕಿ. ಕರಗಿದ ಒಂದು ತಿಂಗಳಿಗೆ ಮೂತ್ರ ಪರೀಕ್ಷೆ, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. ಕಲ್ಲು, ಹರಳು ಎರಡೂ ಇಲ್ಲದೆ ಮತ್ತೆ ಇದೇ ಲಕ್ಷಣ ಬಂದರೆ ಅದು ಬೇರೆ ಕಾಯಿಲೆ, ಒತ್ತಡದಿಂದ ಬರುವ ಮೂತ್ರಕೋಶದ ಉರಿಯೂತ ಇರಬಹುದು. ಪ್ರಾಯದ ಬೆಕ್ಕುಗಳಲ್ಲಿ ಕಲ್ಲಿಗಿಂತ ಅದೇ ಹೆಚ್ಚು. ಆಗ ಹಳೆಯ ಚೀಟಿ ತೋರಿಸಿ ಔಷಧಿ ತರಬೇಡಿ, ಬೆಕ್ಕನ್ನೇ ಕರೆದುಕೊಂಡು ಬನ್ನಿ.