ಪುಣೆ ಚಳೀಲಿ ಹಳೇ ಯೆಜ್ಡಿ ಬೈಕ್ ಬೆಳಿಗ್ಗೆ ಏಳ್ತಾನೇ ಇಲ್ಲ, ಯಾರಾದ್ರೂ ಹೇಳಿ

ಮೈಸೂರ್_ಗಾಡಿ:
ಎಲ್ರಿಗೂ ನಮಸ್ಕಾರ. ನಾನಿರೋದು ಪುಣೆಯ ಪಾಷಾಣ್ ಏರಿಯಾದಲ್ಲಿ. ಅಪ್ಪ 1979ರಲ್ಲಿ ತಗೊಂಡ ಯೆಜ್ಡಿ 250, ನಮ್ಮ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರೀಲಿ ಆದ ಗಾಡಿ, ಹೋದ ವರ್ಷ ರೈಲಿಗೆ ಹಾಕಿಸಿ ತರಿಸ್ಕೊಂಡೆ. ಮಳೆಗಾಲ ಪೂರ್ತಿ ಎರಡು ಕಿಕ್‌ಗೆ ಏಳ್ತಿತ್ತು, ಈಗ 10 ಡಿಗ್ರಿ ಕೆಳಗಿಳಿದ ಮೇಲೆ ಬೆಳಿಗ್ಗೆ ಆರೂವರೆಗೆ 20 ಕಿಕ್ ಹೊಡೆದ್ರೂ ಬರೀ ಬುಸ್ ಅನ್ನತ್ತೆ, ಪ್ಲಗ್ ಬಿಚ್ಚಿದ್ರೆ ಕಪ್ಪಗೆ ಎಣ್ಣೆ ಜಿಡ್ಡು, ಅದೇ ಒಂಬತ್ತು ಗಂಟೆ ಬಿಸಿಲಿಗೆ ನಿಲ್ಲಿಸಿದ್ರೆ ಮೂರನೇ ಕಿಕ್‌ಗೆ ಸ್ಟಾರ್ಟ್. ಮೆಕ್ಯಾನಿಕ್ ಒಬ್ರು, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸೋ ಕಾರ್ಬೊರೇಟರ್ರೇ ಬದಲಾಯ್ಸಿ ಅಂದ್ರು. ಅಪ್ಪ ಹೋಗಿ ಎರಡು ವರ್ಷ ಆಯ್ತು, ಅವರು ತಾವೇ ಬಿಚ್ಚಿ ಜೋಡಿಸ್ತಿದ್ದ ಕಾರ್ಬೊರೇಟರ್ ಅದು, ತೆಗೆಯೋಕೆ ಮನಸ್ಸೇ ಬರ್ತಿಲ್ಲ.

ಹುಬ್ಬಳ್ಳಿಯಂವ:
ಕಾರ್ಬೊರೇಟರ್ ಮುಟ್ಟಬ್ಯಾಡ್ರಿ ಸರ್. ಮೊದಲ ಬ್ಯಾಟರಿ ನೋಡ್ರಿ. ನಿಮ್ದು 6 ವೋಲ್ಟ್ ಡೈನಮೋ ಗಾಡಿ, ಪ್ಲಗ್ಗಿಗೆ ಸ್ಪಾರ್ಕ್ ಕೊಡೂ ಕಾಯ್ಲ್‌ಗೆ ಕರೆಂಟ್ ಬ್ಯಾಟರಿಯಿಂದನ ಬರ್ತದ, ಥಂಡಿಗೆ ಬ್ಯಾಟರಿ ಸೋತಿತಂದ್ರ ಸ್ಪಾರ್ಕೂ ಸೋಲ್ತದ. ಕಿಕ್ ಹೊಡಿಯೂ ಮೊದಲು ಹಾರ್ನ್ ಒತ್ತಿ ನೋಡ್ರಿ, ದನಿ ಎಳದಂಗ ಬಂತು ಅಂದ್ರ ಅಲ್ಲೇ ತಿಳೀತದ. ಇನ್ನ ಎಣ್ಣಿ ಮಾತು. ಥಂಡ್ಯಾಗ ಪೆಟ್ರೋಲಿಗೆ ಕೂಡ್ಸೂ 2ಟಿ ಆಯಿಲ್ ಗಟ್ಟಿ ಆಗ್ತದ, ಸೀದಾ ಟ್ಯಾಂಕಿಗೆ ಸುರುವಿದ್ರ ಸರಿಯಾಗಿ ಕೂಡೂದಿಲ್ಲ, ತಳಕ್ಕ ಕುಂತು ಮುಂಜಾನೆ ಮೊದಲ ಅದ ಕಾರ್ಬೊರೇಟರಿಗೆ ಇಳೀತದ. ಬ್ಯಾರೆ ಕ್ಯಾನಿನ್ಯಾಗ ಲೀಟರಿಗೆ 40 ಎಂಎಲ್ ಹಾಕಿ ಚಲೋತ್ನಂಗ ಅಲುಗಾಡ್ಸಿ ಆಮ್ಯಾಲ ಟ್ಯಾಂಕಿಗೆ ಹಾಕ್ರಿ. ರಾತ್ರಿ ಮನಿ ಹತ್ರ ಬಂದಾಗ ಪೆಟ್ರೋಲ್ ಕಾಕ್ ಬಂದ್ ಮಾಡಿ ಗಾಡಿ ತಾನ ನಿಲ್ಲೂತನಕ ಬಿಡ್ರಿ, ಇಲ್ಲಾಂದ್ರ ಕಾರ್ಬೊರೇಟರ್‌ದಾಗಿನ ಪೆಟ್ರೋಲ್ ಆರಿ ಎಣ್ಣಿ ಅಷ್ಟ ಉಳೀತದ.

ಲೇಹ್_ನಂತರ:
ನಾನು ಲೇಹ್‌ನಲ್ಲಿ ಎರಡು ಚಳಿಗಾಲ ಹಳೇ ಬುಲೆಟ್ ಇಟ್ಕೊಂಡಿದ್ದೆ, ಜನವರೀಲಿ ಮೈನಸ್ 15 ಅಲ್ಲಿ ಮಾಮೂಲು. ಈಗ ವಿಮಾನ್ ನಗರದಲ್ಲಿದೀನಿ. ಅಲ್ಲಿ ದಿನಾ ರಾತ್ರಿ ಬ್ಯಾಟರಿ ಬಿಚ್ಚಿ ರೂಮಲ್ಲಿ ಇಡ್ತಿದ್ದೆ, ಯಾಕಂದ್ರೆ ಚಾರ್ಜ್ ಇಳಿದ ಬ್ಯಾಟರಿ ಒಳಗಿನ ನೀರು ಹೆಪ್ಪುಗಟ್ಟಿ ಡಬ್ಬಾನೇ ಬಿರುಕು ಬಿಡತ್ತೆ, ಫುಲ್ ಚಾರ್ಜ್ ಇದ್ರೆ ಆ ಚಳಿಗೂ ಏನಾಗಲ್ಲ. ಇಂಜಿನ್ ಆಯಿಲ್ ಜೇನುತುಪ್ಪದ ಥರ ಆಗಿರೋದು. ಇಗ್ನಿಷನ್ ಆಫ್ ಇಟ್ಟು ಇಂಜಿನ್ ಒಳಗಿನ ಒತ್ತಡ ಬಿಡೋ ಡಿಕಂಪ್ರೆಸರ್ ಒತ್ತಿ ಹತ್ತು ಸಲ ಮೆಲ್ಲಗೆ ತುಳಿದು ಆಮೇಲೇ ಕಿಕ್. ಒಂದು ಮಾತು ದಯವಿಟ್ಟು ನೆನಪಿಡಿ, ಸ್ಟಾರ್ಟ್ ಆದ ಖುಷಿಗೆ ರೇಸ್ ಮಾಡಬೇಡಿ. ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗತ್ತೆ, ಅದು ಓಡಾಡೋ ಬೋರ್ ಇನ್ನೂ ತಣ್ಣಗಿರತ್ತೆ, ಹಿಡ್ಕೊಂಡು ಬಿಡತ್ತೆ. ನಂದು ಒಂದ್ಸಲ ಹಂಗೇ ಸೀಜ್ ಆಗಿ ಸ್ಪೇರ್ ಬರೋಕೆ ಮೂರು ವಾರ ಕಾದಿದ್ದೆ.

ಮೈಸೂರ್_ಗಾಡಿ:
ಹುಬ್ಬಳ್ಳಿ ಅಣ್ಣಾ, ನೀವು ಹೇಳಿದ್ದೇ ಸರಿ. ಹಾರ್ನ್ ಕೆಮ್ಮಿದಂಗೆ ಬಂತು. ಸೈಡ್ ಬಾಕ್ಸ್ ತೆಗೆದು ನೋಡಿದ್ರೆ ಟರ್ಮಿನಲ್ ಮೇಲೆ ಬಿಳೀ ಹಿಟ್ಟು ಉಗುರಷ್ಟು ದಪ್ಪ ಕಟ್ಟಿತ್ತು, ಬಿಸಿನೀರಲ್ಲಿ ತೊಳೆದು ವ್ಯಾಸಲೀನ್ ಹಚ್ಚಿ ರಾತ್ರಿಯೆಲ್ಲ ಚಾರ್ಜಿಗೆ ಹಾಕಿದೆ, ಹೊಸ ಪ್ಲಗ್ಗೂ ಹಾಕಿದೆ. ಇವತ್ತು ಕಾರ್ಬೊರೇಟರ್ ಮೇಲಿನ ಟಿಕ್ಲರ್ ಗುಂಡಿ ಒತ್ತಿ ಪೆಟ್ರೋಲ್ ಬೆರಳಿಗೆ ತಾಗಿದ ಮೇಲೆ ಹೊಡೆದೆ, ನಾಲ್ಕನೇ ಕಿಕ್‌ಗೆ ಎದ್ದಿತು! ಹೊಗೆ ವಾಸನೆಗೆ ಅಮ್ಮ ಒಳಗಿಂದ ಬಂದು ಬಾಗಿಲಲ್ಲೇ ನಿಂತ್ರು, ಏನೂ ಮಾತಾಡಲಿಲ್ಲ, ಗಾಡಿ ಆಫ್ ಮಾಡೋವರೆಗೂ ನಿಂತೇ ಇದ್ರು. ಕಾರ್ಬೊರೇಟರ್ ಹಂಗೇ ಇರತ್ತೆ. ಸ್ಪಾರ್ಕ್ ಟೈಮಿಗೆ ಸರಿಯಾಗಿ ಬರೋ ಹಂಗೆ ಮಾಡೋ ಪಾಯಿಂಟ್ ಸೆಟ್ ಮಾತ್ರ ಸವೆದಿದೆ, ಇಲ್ಲಿನ ನಾನಾ ಪೇಟ್ ಸ್ಪೇರ್ ಅಂಗಡಿಗಳಲ್ಲಿ ಸಿಗಬಹುದಾ?

ಹುಬ್ಬಳ್ಳಿಯಂವ:
ಸಿಗ್ತದ, ಹಳೇದು ಕಿಸೇದಾಗ ಇಟ್ಕೊಂಡು ಹೋಗ್ರಿ, ಎರಡೂ ಹಿಡಿದು ನೋಡಿನ ತಗೋರಿ. ಶನಿವಾರ ನಾನೂ ಆ ಕಡೆ ಬರೂದದ, ಬೇಕಾದ್ರ ಜೋಡಿ ಹೋಗೂಣು.